ಹಠಾತ್ ಶ್ರವಣದೋಷ: ಲಕ್ಷಣಗಳು ಹಾಗೂ ವೈದ್ಯರನ್ನು ಕಾಣಬೇಕಾದ ಸಮಯ

(ವೈ.ಎನ್.ಹೊಸಕೋಟೆ ಹೋಬಳಿಯ ಸಾರ್ವಜನಿಕರ ಮಾಹಿತಿಗಾಗಿ)

ಒಳಕಿವಿ ಅಥವಾ ಶ್ರವಣ ನರದ ತೊಂದರೆಯಿಂದಾಗಿ ಮೂರು ದಿನಗಳೊಳಗೆ ಕೇಳುವ ಶಕ್ತಿಯು ಗಣನೀಯವಾಗಿ ಕುಗ್ಗುವುದನ್ನು ಹಠಾತ್ ಶ್ರವಣದೋಷ ಎನ್ನಲಾಗುತ್ತದೆ. ಇದು ಹೆಚ್ಚಾಗಿ ಒಂದೇ ಕಿವಿಯಲ್ಲಿ ಕಂಡುಬರುತ್ತದೆ. ನೋವು ಇಲ್ಲದಿದ್ದರೂ ಇದು ತುರ್ತು ಚಿಕಿತ್ಸೆ ಅಗತ್ಯವಿರುವ ಸ್ಥಿತಿಯಾಗಿರುತ್ತದೆ.

ಲಕ್ಷಣಗಳು

1. ಬೆಳಿಗ್ಗೆ ಎದ್ದಾಗ ಒಂದು ಕಿವಿ ಕೇಳಿಸದಿರುವುದು.
2. ದೂರವಾಣಿಯಲ್ಲಿ ಮಾತನಾಡುವಾಗ ಒಂದು ಕಿವಿಗೆ ಮಾತು ಅಸ್ಪಷ್ಟವಾಗುವುದು.
3. ಕಿವಿ ಮುಚ್ಚಿಕೊಂಡಂತೆ ಭಾಸವಾಗುವುದು.
4. ಕಿವಿಯಲ್ಲಿ ಗುಂಯ್‌ಗುಡುವ ಸದ್ದು ಅಥವಾ ತಲೆಸುತ್ತು.

ಮಗ್ಗದ ಸದ್ದಿನಿಂದಾಗುವ ಶ್ರವಣದೋಷ

ವೈ.ಎನ್.ಹೊಸಕೋಟೆಯು ರೇಷ್ಮೆ ಸೀರೆಗಳ ನೇಯ್ಗೆಗೆ ಹೆಸರಾದ ಊರಾಗಿದೆ. ಮಗ್ಗದ ಸದ್ದಿನಿಂದ, ವಿಶೇಷವಾಗಿ ವಿದ್ಯುತ್ ಮಗ್ಗದ ಸದ್ದಿನಿಂದ ಉಂಟಾಗುವ ಶ್ರವಣದೋಷವು ಹಲವು ವರ್ಷಗಳ ಅವಧಿಯಲ್ಲಿ, ಸಾಮಾನ್ಯವಾಗಿ ಎರಡೂ ಕಿವಿಗಳಲ್ಲಿ ನಿಧಾನವಾಗಿ ಹೆಚ್ಚುತ್ತದೆ. ನಿನ್ನೆಯವರೆಗೆ ಕೇಳಿಸುತ್ತಿದ್ದ ಕಿವಿ ಇಂದು ಕೇಳಿಸದಿದ್ದಲ್ಲಿ, ಅದನ್ನು ಮಗ್ಗದ ಸದ್ದಿನ ಪರಿಣಾಮವೆಂದಾಗಲಿ, ವಯೋಸಹಜವೆಂದಾಗಲಿ ಭಾವಿಸಿ ಸುಮ್ಮನಿರತಕ್ಕದ್ದಲ್ಲ.

ಕಾರಣಗಳು

ಬಹುಪಾಲು ಪ್ರಕರಣಗಳಲ್ಲಿ ನಿರ್ದಿಷ್ಟ ಕಾರಣ ತಿಳಿದುಬರುವುದಿಲ್ಲ. ಮಂಗನಬಾವಿನಂತಹ ವೈರಾಣು ಸೋಂಕು, ತಲೆಗೆ ಪೆಟ್ಟು, ಸ್ಫೋಟದ ಸದ್ದು, ಕೆಲವು ಔಷಧಿಗಳ ಅಡ್ಡಪರಿಣಾಮ ಹಾಗೂ ಅಪರೂಪವಾಗಿ ಶ್ರವಣ ನರದ ಗಡ್ಡೆ ಕಾರಣವಾಗಬಹುದು. ಗುಗ್ಗೆ ತುಂಬಿದಾಗ ಅಥವಾ ನೆಗಡಿಯಾದಾಗಲೂ ಕಿವಿ ಮುಚ್ಚಿಕೊಳ್ಳುವುದುಂಟು. ಇವುಗಳ ವ್ಯತ್ಯಾಸವನ್ನು ರೋಗಿಯು ತಾನೇ ನಿರ್ಧರಿಸಲು ಸಾಧ್ಯವಿಲ್ಲ. ವೈದ್ಯರು ಕಿವಿಯೊಳಗೆ ನೋಡಿ, ಶ್ರುತಿಕವೆಯನ್ನು ಹಣೆಯ ಮೇಲಿರಿಸಿ ಪರೀಕ್ಷಿಸುತ್ತಾರೆ. ಸದ್ದು ಚೆನ್ನಾಗಿರುವ ಕಿವಿಯಲ್ಲಿಯೇ ಜೋರಾಗಿ ಕೇಳಿಸಿದಲ್ಲಿ ಒಳಕಿವಿ ಅಥವಾ ನರದ ತೊಂದರೆಯನ್ನು ಶಂಕಿಸಲಾಗುತ್ತದೆ. ಆಡಿಯೋಮೆಟ್ರಿ ಪರೀಕ್ಷೆಯಿಂದ ಇದು ಖಚಿತಗೊಳ್ಳುತ್ತದೆ.

ಚಿಕಿತ್ಸೆಯ ಕಾಲಮಿತಿ

ತಜ್ಞರು ಸಾಮಾನ್ಯವಾಗಿ ಸ್ಟೀರಾಯ್ಡ್ ಔಷಧಿಯನ್ನು ಮಾತ್ರೆಯ ರೂಪದಲ್ಲಿ ಅಥವಾ ಕಿವಿತಮಟೆಯ ಮೂಲಕ ಚುಚ್ಚುಮದ್ದಾಗಿ ನೀಡುತ್ತಾರೆ. ಮೊದಲ ಎರಡು ವಾರಗಳೊಳಗೆ ಚಿಕಿತ್ಸೆ ಆರಂಭಿಸುವುದು ಉತ್ತಮ. ಎಷ್ಟು ಬೇಗ ಆರಂಭವಾದರೆ ಅಷ್ಟು ಒಳ್ಳೆಯದು. ಆರು ವಾರಗಳ ನಂತರ ಪ್ರಯೋಜನವಾಗುವ ಸಾಧ್ಯತೆ ಬಹಳ ಕಡಿಮೆ. ಕೆಲವರಲ್ಲಿ ಚಿಕಿತ್ಸೆಯಿಲ್ಲದೆಯೂ ಶ್ರವಣಶಕ್ತಿ ಮರಳುತ್ತದೆ. ಆದರೆ ಯಾರಲ್ಲಿ ಮರಳುವುದೆಂದು ಮೊದಲೇ ಹೇಳಲಾಗದ ಕಾರಣ ಕಾಯುವುದು ಸೂಕ್ತವಲ್ಲ. ಮಧುಮೇಹ ಮತ್ತು ರಕ್ತದೊತ್ತಡ ಇರುವವರು ಆ ವಿಷಯವನ್ನು ವೈದ್ಯರಿಗೆ ತಪ್ಪದೇ ತಿಳಿಸತಕ್ಕದ್ದು.

ಎಲ್ಲಿಗೆ ತೆರಳಬೇಕು

1. ಲಕ್ಷಣ ಕಂಡ ದಿನವೇ ಸಮೀಪದ ಸರ್ಕಾರಿ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳನ್ನು ಕಾಣುವುದು. ಕೇಳಿಸದಿರುವುದು ಆರಂಭವಾದ ದಿನ ಮತ್ತು ವೇಳೆಯನ್ನು ಬರೆದಿಟ್ಟುಕೊಳ್ಳುವುದು.
2. ಪಾವಗಡ ತಾಲ್ಲೂಕು ಆಸ್ಪತ್ರೆಯಲ್ಲಿ ಕಿವಿ, ಮೂಗು, ಗಂಟಲು ತಜ್ಞರ ಲಭ್ಯತೆಯನ್ನು ಅದೇ ದಿನ ವಿಚಾರಿಸುವುದು.
3. ಅಲ್ಲಿ ಸೌಲಭ್ಯ ದೊರೆಯದಿದ್ದಲ್ಲಿ ಶಿಫಾರಸು ಪತ್ರ ಪಡೆದು ತುಮಕೂರು ಜಿಲ್ಲಾ ಆಸ್ಪತ್ರೆಗೆ ತೆರಳುವುದು. ಮಧುಗಿರಿ, ಕೊರಟಗೆರೆ ಮಾರ್ಗದ ಈ ಪ್ರಯಾಣವು ದೂರವಾದುದೆಂಬ ಕಾರಣಕ್ಕೆ ಮುಂದಿನ ವಾರಕ್ಕೆ ಮುಂದೂಡತಕ್ಕದ್ದಲ್ಲ.
4. ಶ್ರವಣಶಕ್ತಿ ಮರಳದಿದ್ದಲ್ಲಿ, ಶ್ರವಣ ಸಾಧನ ಹಾಗೂ ಹೆಚ್ಚಿನ ಪರೀಕ್ಷೆಗಾಗಿ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯನ್ನು ಸಹ ಸಂಪರ್ಕಿಸಬಹುದಾಗಿದೆ.

108ಕ್ಕೆ ಕೂಡಲೇ ಕರೆ ಮಾಡಬೇಕಾದ ಸಂದರ್ಭ

ಕಿವಿ ಕೇಳಿಸದಿರುವುದರ ಜೊತೆಗೆ ಮುಖ ಸೊಟ್ಟಗಾಗುವುದು, ಮಾತು ತೊದಲುವುದು, ಕೈಕಾಲುಗಳಲ್ಲಿ ಶಕ್ತಿ ಕುಂದುವುದು, ನಡೆಯಲಾಗದಷ್ಟು ತಲೆಸುತ್ತು ಅಥವಾ ವಸ್ತುಗಳು ಎರಡಾಗಿ ಕಾಣುವುದು ಪಾರ್ಶ್ವವಾಯುವಿನ ಸೂಚನೆಯಾಗಿರಬಹುದು.

ಮಾಡಬಾರದ ಕ್ರಮಗಳು

ಕಿವಿಗೆ ಬಿಸಿ ಎಣ್ಣೆ ಅಥವಾ ಬೆಳ್ಳುಳ್ಳಿ ರಸ ಹಾಕುವುದು, ಬೆಂಕಿಕಡ್ಡಿ ಅಥವಾ ಪಿನ್ನು ತೂರಿಸುವುದು, ಔಷಧಿ ಅಂಗಡಿಯಲ್ಲಿ ತಾವೇ ಕೇಳಿ ಸ್ಟೀರಾಯ್ಡ್ ಪಡೆಯುವುದು ಅಪಾಯಕಾರಿ.

ಅಂಗವಿಕಲತೆ ಪ್ರಮಾಣಪತ್ರದ ಕುರಿತು

ವಿಕಲಚೇತನರ ಹಕ್ಕುಗಳ ಅಧಿನಿಯಮ, 2016ರ ಪ್ರಕಾರ ಎರಡೂ ಕಿವಿಗಳಲ್ಲಿ 60 ರಿಂದ 70 ಡೆಸಿಬಲ್ ಶ್ರವಣ ನಷ್ಟವಿರುವವರನ್ನು ಮಂದ ಶ್ರವಣದವರೆಂದೂ, 70 ಡೆಸಿಬಲ್ ನಷ್ಟವಿರುವವರನ್ನು ಕಿವುಡರೆಂದೂ ಪರಿಗಣಿಸಲಾಗುತ್ತದೆ. ಒಂದೇ ಕಿವಿಯ ಶ್ರವಣ ನಷ್ಟವು ಈ ವ್ಯಾಖ್ಯೆಯೊಳಗೆ ಬರುವುದಿಲ್ಲ. ಆದುದರಿಂದ ಸಾರ್ವಜನಿಕರು ಪ್ರಮಾಣಪತ್ರದ ಅರ್ಜಿಗಿಂತ ಮೊದಲು ಚಿಕಿತ್ಸೆಗೆ ಆದ್ಯತೆ ನೀಡತಕ್ಕದ್ದು. ಅರ್ಜಿಯನ್ನು ನಂತರವೂ ಸಲ್ಲಿಸಬಹುದು. ಚಿಕಿತ್ಸೆಯ ಅವಧಿ ಮಾತ್ರ ಮತ್ತೆ ದೊರೆಯುವುದಿಲ್ಲ.