ಮೇಜುಹಾಸಿನ ಹಿಂಬದಿ: ‘ದಿ ಡಿನ್ನರ್ ಪಾರ್ಟಿ’ಯಲ್ಲಿ ಮೇರಿ ವುಲ್‌ಸ್ಟನ್‌ಕ್ರಾಫ್ಟ್

ಅಮೆರಿಕದ ಕಲಾವಿದೆ ಜೂಡಿ ಶಿಕಾಗೊ ಅವರ ‘ದಿ ಡಿನ್ನರ್ ಪಾರ್ಟಿ’ (1974-79), ಇತಿಹಾಸದ ಹೆಣ್ಣುಗಳಿಗೆ ಒಬ್ಬೊಬ್ಬರಿಗೂ ತ್ರಿಕೋನ ಮೇಜಿನ ಮೇಲೆ ತಟ್ಟೆ, ಕಸೂತಿ ಹಾಸು ಹಾಕಿದ ಕಲಾಕೃತಿ. ಅದರ ಕುರಿತ ಚರ್ಚೆ ನಾಲ್ಕು ದಶಕಗಳಿಂದ ತಟ್ಟೆಗಳ ಸುತ್ತಲೇ ಗಿರಕಿ ಹೊಡೆಯುತ್ತಿದೆ. ಬ್ರೂಕ್ಲಿನ್ ಪ್ರದರ್ಶನವನ್ನು 1980ರಲ್ಲಿ ವಿಮರ್ಶಿಸಿದ ಕಲಾವಿಮರ್ಶಕ ಹಿಲ್ಟನ್ ಕ್ರೇಮರ್ ಇದನ್ನು ಜಾಹೀರಾತಿನ ಮಟ್ಟದ ಒರಟು ಕೃತಿಯೆಂದು ತಳ್ಳಿಹಾಕಿದರು. ಸ್ತ್ರೀವಾದಿಗಳಲ್ಲೂ ಅನೇಕರು, ಯೋನಿಯನ್ನು ಹೋಲುವ ಆ ಪಿಂಗಾಣಿ ತಟ್ಟೆಗಳು ಹೆಣ್ಣನ್ನು ಬರೀ ದೇಹಕ್ಕೆ ಇಳಿಸಿಬಿಟ್ಟವು ಎಂದು ಆಕ್ಷೇಪಿಸಿದರು. ತಮ್ಮೊಳಗೆ ಎಷ್ಟೇ ಜಗಳವಿದ್ದರೂ ಎರಡೂ ಕಡೆಯವರ ಕಣ್ಣು ತಟ್ಟೆಯ ಮೇಲೆಯೇ ನೆಟ್ಟಿತ್ತು. ತಟ್ಟೆಯ ಕೆಳಗಿನ ಕಸೂತಿ ಹಾಸುಗಳತ್ತ ಗಮನ ಹರಿದದ್ದು ಕಡಿಮೆ.

ತ್ರಿಕೋನ ಮೇಜಿನ 39 ಹಾಸುಗಳಲ್ಲಿ ಒಂದನ್ನೇ ಇಲ್ಲಿ ಎತ್ತಿಕೊಳ್ಳುತ್ತೇನೆ. ಅದು 18ನೆಯ ಶತಮಾನದ ಇಂಗ್ಲಿಷ್ ಲೇಖಕಿ ಮೇರಿ ವುಲ್‌ಸ್ಟನ್‌ಕ್ರಾಫ್ಟ್ ಅವರದು. ಹೊಲಿಗೆ ಹೆಣ್ಣಿನ ಬುದ್ಧಿಯನ್ನು ಕುಗ್ಗಿಸುತ್ತದೆಂದು 1792ರಲ್ಲೇ ಬರೆದವಳಿಗೆ ಕಸೂತಿಯಿಂದ ಗೌರವ ಸಲ್ಲಿಸುವುದು ಅವಳನ್ನು ಓದದವರ ಕೆಲಸ ಎಂಬ ಮಾತು ಸುಲಭವಾಗಿ ಹುಟ್ಟುತ್ತದೆ. ಕೇಳಲು ಚುರುಕಾಗಿದೆ, ನಿಜ. ಆದರೆ ‘ಎ ವಿಂಡಿಕೇಶನ್ ಆಫ್ ದಿ ರೈಟ್ಸ್ ಆಫ್ ವುಮನ್’ ಪುಸ್ತಕದ ನಾಲ್ಕನೆಯ ಅಧ್ಯಾಯವನ್ನು ಪೂರ್ತಿ ಓದಿದವರು ಹೀಗೆ ಹೇಳಲಾರರು.

ಅಲ್ಲಿ ಆಕೆ ಸೂಜಿಯನ್ನು ಸಾರಾಸಗಟಾಗಿ ನಿರಾಕರಿಸಿಲ್ಲ. ಅಗತ್ಯದ ಬಟ್ಟೆ ಹೊಲಿಯುವುದರಿಂದ ಮನಸ್ಸು ದುರ್ಬಲವಾಗದು, ಉಡುಪಿನ ಬೆಡಗಿನಿಂದ ಆಗುತ್ತದೆ ಎಂಬುದು ಆಕೆಯ ವಾದ. ಗಂಡನಿಗೂ ಮಕ್ಕಳಿಗೂ ಬಟ್ಟೆ ಹೊಲಿಯುವ ಬಡ ಹೆಣ್ಣು ತನ್ನ ಪಾಲಿನ ಕರ್ತವ್ಯ ಮಾಡುತ್ತಾಳೆ. ಹೆಚ್ಚು ಚೆನ್ನಾಗಿ ಕಾಣಬೇಕೆಂದಷ್ಟೇ ಹೊಲಿಯುವ ಹೆಣ್ಣು ಕಾಲಹರಣಕ್ಕಿಂತ ಕೆಟ್ಟದ್ದನ್ನು ಮಾಡುತ್ತಾಳೆ. ಮಧ್ಯಮವರ್ಗದ ಗೃಹಿಣಿಯರು ಹೊಲಿಗೆಯನ್ನು ಬಡವರಿಗೆ ಕೊಟ್ಟು, ತಾವು ಮಕ್ಕಳ ಶಿಕ್ಷಣ ಮತ್ತು ಓದಿನ ಕಡೆ ಗಮನ ಕೊಡಲಿ ಎಂಬ ಸಲಹೆಯೂ ಅಲ್ಲೇ ಇದೆ. ನನ್ನ ತಕರಾರು ಈ ಸಲಹೆಯ ಮೇಲೆ. ಓದುವ ಹೆಣ್ಣಿನ ಕೈಯಿಂದ ಸೂಜಿ ಬಿಡಿಸಿದ ವುಲ್‌ಸ್ಟನ್‌ಕ್ರಾಫ್ಟ್, ಅದನ್ನು ಹೆಸರಿಲ್ಲದ ಇನ್ನೊಂದು ಹೆಣ್ಣಿನ ಕೈಗಿಟ್ಟರು. (ಆಕೆಯನ್ನು ಆರಾಧಿಸುವವರು ಈ ಸಾಲುಗಳನ್ನು ದಾಟಿಹೋಗುವುದು ನನಗೆ ಸಹ್ಯವಲ್ಲ, ನಾನೂ ಆಕೆಯ ಪಕ್ಷದವಳೇ.)

ಈಗ ಹಾಸನ್ನು ನೋಡೋಣ. ತಟ್ಟೆಯ ಸುತ್ತ ಇರುವುದು ಸ್ಟಂಪ್‌ವರ್ಕ್: ಒಳಗೆ ಮೆತ್ತೆ ತುಂಬಿ ಆಕೃತಿಗಳನ್ನು ಬಟ್ಟೆಯಿಂದ ಮೇಲೆಬ್ಬಿಸುವ, 17ನೆಯ ಶತಮಾನದ ಇಂಗ್ಲೆಂಡಿನ ಮನೆಗಳಲ್ಲಿ ಬೆಳೆದ ಕಸೂತಿ. ಮುಂಬದಿಯಲ್ಲಿ ನಾಜೂಕು ಅಲಂಕಾರ, ಅಂದರೆ ವುಲ್‌ಸ್ಟನ್‌ಕ್ರಾಫ್ಟ್ ಹಳಿದ ಬೆಡಗೇ. ಹಾಸು ಮೇಜನ್ನು ದಾಟಿ ಒಳಬದಿಗೆ ಇಳಿಯುವಲ್ಲಿ ಅದೇ ನಾಜೂಕು ದಾರದಲ್ಲಿ ಆಕೆಯ ಸಾವು ಮೂಡಿದೆ. 1797ರ ಆಗಸ್ಟ್ 30ರಂದು ಮಗಳು (ಮುಂದೆ ‘ಫ್ರಾಂಕೆನ್‌ಸ್ಟೈನ್’ ಬರೆದ ಮೇರಿ ಶೆಲ್ಲಿ) ಹುಟ್ಟಿದಳು. ಸೆಪ್ಟೆಂಬರ್ 10ರಂದು ಬಾಣಂತಿ ನಂಜಿನಿಂದ ತಾಯಿ ತೀರಿಕೊಂಡರು. ಆಗ ಆಕೆಗೆ 38 ವರ್ಷ. ಮೇಜಿನ ಒಂದೊಂದು ಬದಿಯೂ 48 ಅಡಿ ಉದ್ದವಿದೆ, ವೀಕ್ಷಕರು ನಡೆಯುವುದು ಹೊರಗಿನಿಂದ. ಹೀಗಾಗಿ ಹಿಂಬದಿಯನ್ನು ನೋಡಬೇಕಾದರೆ ಎದುರು ಬದಿಗೆ ಹೋಗಿ, ನಡುವಿನ ನೆಲದ ಆಚೆಯಿಂದ ಕಣ್ಣು ಹಾಯಿಸಬೇಕು. ತಟ್ಟೆಯನ್ನು ಮೇಲಿನಿಂದ ಹಿಡಿದ ಚಿತ್ರಗಳಲ್ಲಿ ಅದು ಕಾಣದು. ಹೆರಿಗೆಯೇ ಕೊಂದ ಹೆಣ್ಣನ್ನು ಇಷ್ಟು ಸ್ಪಷ್ಟವಾಗಿ ಹೊಲಿದಿಟ್ಟ ಕೃತಿ ಹೆಣ್ತನದ ದೇಹವನ್ನು ಬರೀ ಹಾಡಿಹೊಗಳುತ್ತದೆ ಎಂದು ನಾನು ಒಪ್ಪಲಾರೆ. ಕಸೂತಿ ಹೆಣ್ಣನ್ನು ಪಳಗಿಸುವ ಪಾಠವೂ ಹೌದು, ಅವಳ ಪ್ರತಿರೋಧದ ಸಾಧನವೂ ಹೌದು ಎಂದು ಕಲಾ ಇತಿಹಾಸಕಾರ್ತಿ ರೋಸಿಕಾ ಪಾರ್ಕರ್ 1984ರಲ್ಲಿ ವಾದಿಸಿದರು. ಅವರ ಮಾತಿಗೆ ಇದಕ್ಕಿಂತ ಗಟ್ಟಿ ಸಾಕ್ಷ್ಯ ನನಗೆ ಸಿಕ್ಕಿಲ್ಲ.

ಉಳಿದದ್ದು ಕೂಲಿಯ ಪ್ರಶ್ನೆ. ಸುಮಾರು 400 ಜನ, ಬಹುಪಾಲು ಸಂಬಳವಿಲ್ಲದೆ, ಶಿಕಾಗೊ ಅವರ ಕಲ್ಪನೆಗೆ ದುಡಿದರು. ಇದು ಶೋಷಣೆ ಎಂಬ ಟೀಕೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಕೃತಿಯ ಮೇಲಿನ ದೊಡ್ಡ ಹೆಸರು ಇಂದಿಗೂ ಒಂದೇ. ಆದರೆ ದುಡಿದವರ ಹೆಸರು, ಭಾವಚಿತ್ರಗಳ ಫಲಕಗಳನ್ನು ಕೃತಿಯ ಭಾಗವಾಗಿಯೇ ಮಾಡಲಾಯಿತು. ಕಸೂತಿಗೆಂದೇ 1980ರಲ್ಲಿ ಪ್ರತ್ಯೇಕ ಪುಸ್ತಕ ಬಂತು, ಆ ವಿಭಾಗದ ಮುಖ್ಯಸ್ಥೆ ಸೂಸನ್ ಹಿಲ್ ಅವರ ಹೆಸರಿನೊಂದಿಗೆ. ವುಲ್‌ಸ್ಟನ್‌ಕ್ರಾಫ್ಟ್ ಹೆಸರಿಲ್ಲದೆ ಬಿಟ್ಟ ಸೂಜಿಯ ಕೈಗಳಿಗೆ ಇಲ್ಲಿ ಅಷ್ಟಾದರೂ ದಾಖಲೆ ಸಿಕ್ಕಿದೆ.

ಈ ಕೃತಿ 2007ರಿಂದ ಬ್ರೂಕ್ಲಿನ್ ಮ್ಯೂಸಿಯಂನಲ್ಲಿ ಶಾಶ್ವತವಾಗಿ ನೆಲೆಸಿದೆ. ಕನ್ನಡದಲ್ಲಿ ಇದರ ಬಗ್ಗೆ ಬರೆಯುವವರು ಇನ್ನು ಮುಂದೆ ಶಿಕಾಗೊ ಹೆಸರಿನ ಜೊತೆ ಸೂಸನ್ ಹಿಲ್ ಹೆಸರನ್ನೂ ಬರೆಯಲಿ.