ರಸ್ತೆ ಅಂಚಿನ ಅಪ್ಪಣೆ

ರಸ್ತೆಯ ಈ ಕಡೆ ಬೋರು, ಆ ಕಡೆ ಹೊಲ ಇರೋ ರೈತರು ನಮ್ಮ ಹಿಂದೂಪುರದ ಸೀಮೆಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಅಕ್ಕನನ್ನ ಕೊಟ್ಟ ಊರು ಕಲ್ಯಾಣದುರ್ಗದ ಕಡೆ, ಅಲ್ಲೂ ಹಾಗೇ. ನೀರು ಆಚೆಗೆ ಹೋಗಬೇಕಾದರೆ ಪೈಪು ರಸ್ತೆ ದಾಟಬೇಕು. ರಸ್ತೆ ದಾಟಬೇಕಾದರೆ ಅಪ್ಪಣೆ ಬೇಕು. ಈ ಅಪ್ಪಣೆ ಅಂಬೋದು ಹೇಗೆ ಹುಟ್ಟಿತು, ಯಾರನ್ನ ಯಾರು ಕೇಳಬೇಕು ಅಂತ ಆಯಿತು, ತಿಳಿದಷ್ಟು ಬರೆಯುತ್ತೇನೆ.

ನಮ್ಮ ಸೀಮೆಯಲ್ಲಿ ರಸ್ತೆ ಮಾತು ಬಂದರೆ ಧಾತು ಈಶ್ವರದ ಬರದ ಮಾತೂ ಬರಬೇಕು. 1876ರಿಂದ 1878. ಆಗ ಅನಂತಪುರ ಅಂತ ಬೇರೆ ಜಿಲ್ಲೆ ಇರಲಿಲ್ಲ, ನಾವು ಬಳ್ಳಾರಿ ಜಿಲ್ಲೆಯವರು. ಹಸಿದವರಿಗೆ ಕೂಲಿ ಕೊಡಬೇಕಲ್ಲ ಅಂತ ಸರ್ಕಾರ ಜಲ್ಲಿ ಒಡೆಸಿತು, ರಸ್ತೆ ಕೆಲಸ ಹಚ್ಚಿತು. ಕೂಲಿಯೇನು? ದಿನಕ್ಕೆ ಒಂದು ಪೌಂಡು ಧಾನ್ಯ, ಅಂದರೆ ಅರ್ಧ ಕೇಜಿಗೂ ಕಡಿಮೆ, ಮೇಲೆ ಇಷ್ಟು ಚಿಲ್ಲರೆ. ಅದರಲ್ಲಿ ಮೈ ಬಗ್ಗಿಸಿ ಕಲ್ಲು ಒಡೆದವರು ನಮ್ಮ ಮುತ್ತಜ್ಜ ಮುತ್ತಜ್ಜಿಯರ ಕಾಲದವರೇ. ಆದರೆ ರಸ್ತೆ ಅವರದಾಗಲಿಲ್ಲ. 1882ರಲ್ಲಿ ಅನಂತಪುರ ಜಿಲ್ಲೆ ಆಯಿತು, 1884ರಲ್ಲಿ ಮದ್ರಾಸಿನವರು ಲೋಕಲ್ ಬೋರ್ಡ್ ಕಾಯಿದೆ ತಂದರು, ಊರೂರಿನ ರಸ್ತೆಗಳು ಬೋರ್ಡುಗಳ ಕೈಗೆ ಹೋದವು. 1905ರ ಒತ್ತುವರಿ ಕಾಯಿದೆ ಬಂದು, ರಸ್ತೆ, ಅದರ ಪಕ್ಕದ ಪೋರಂಬೋಕು ಎಲ್ಲ ಸರ್ಕಾರದ್ದು ಅಂತ ಬರೆದಿಟ್ಟಿತು.

ಇದರ ಮಧ್ಯೆ ಒಂದು ವಿಚಿತ್ರ ನಡೆದಿದೆ. 1885ರಲ್ಲಿ ತಂತಿ ಕಾಯಿದೆ ಬಂತು, ಟೆಲಿಗ್ರಾಫ್ ಆಕ್ಟು ಅಂತಾರೆ. ಅದರ 10ನೇ ಸೆಕ್ಷನ್ನು ಏನನ್ನುತ್ತಿತ್ತು ಅಂದರೆ, ತಂತಿ ಎಳೆಯೋವರು ಯಾರ ಹೊಲದಲ್ಲಿ ಬೇಕಾದರೂ ಕಂಬ ನೆಡಬಹುದಿತ್ತು. ಆದಷ್ಟು ಕಡಿಮೆ ನಷ್ಟ ಮಾಡಬೇಕಿತ್ತು, ಆದ ನಷ್ಟಕ್ಕೆ ಪರಿಹಾರ ಕೊಡಬೇಕಿತ್ತು, ಅಷ್ಟೇ. ಆದರೆ ಜಾಗ ಬೋರ್ಡಿನದೋ ಮುನಿಸಿಪಾಲ್ಟಿಯದೋ ಆದರೆ ಅವರ ಅಪ್ಪಣೆ ಇಲ್ಲದೆ ಮುಟ್ಟಬಾರದಿತ್ತು! ರಸ್ತೆಯನ್ನ ಕೇಳಬೇಕಿತ್ತು, ರೈತನನ್ನ ಕೇಳಬೇಕಾಗಿರಲಿಲ್ಲ. ಮುಂದೆ ಕರಂಟಿನ ಲೈನಿಗೂ ಇದೇ ಅಧಿಕಾರ ಸಿಕ್ಕುವಂತೆ ಕಾಯಿದೆ ಮಾಡಿಕೊಂಡರು. 2003ರ ಕಾಯಿದೆಯಲ್ಲೂ ಅದು ಉಳಿದಿದೆ. ಕಲ್ಯಾಣದುರ್ಗದ ಕಡೆ ಗಾಳಿ ಫ್ಯಾನುಗಳು ನಿಂತ ಮೇಲೆ ಕಡಲೆಕಾಯಿ ಹೊಲದ ನಡುವೆ ಟವರು ಕಂಡವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

1946ರಲ್ಲಿ ಮದ್ರಾಸಿನಲ್ಲಿ ಹೈವೇಸ್ ಇಲಾಖೆ ಆಯಿತು. 1953ರ ಅಕ್ಟೋಬರ್ 1ಕ್ಕೆ ನಾವು ಆಂಧ್ರಕ್ಕೆ ಸೇರಿದೆವು, ಬಳ್ಳಾರಿ ಮೈಸೂರಿಗೆ ಹೋಯಿತು. ಅರ್ಜಿ ತೆಲುಗಾಯಿತು. ರಾಜ್ಯ ಹೆದ್ದಾರಿಯ ಅಪ್ಪಣೆ ಈಗ ಆರ್ ಅಂಡ್ ಬಿ ಇಲಾಖೆಯದು.

ನೀರಿನ ಪೈಪು ರಸ್ತೆ ಪಕ್ಕ ದೊಡ್ಡದಾಗಿ ಓಡಿದ್ದು 1995ರ ಹೊತ್ತಿಗೆ. ಸತ್ಯಸಾಯಿ ನೀರಿನ ಯೋಜನೆ, 731 ಹಳ್ಳಿಗೆ ಅಂತ ಲೆಕ್ಕ. ಸರ್ಕಾರವೂ ಜೊತೆಗಿತ್ತು, ಕೆಲಸ ಓಡಿತು. ಫ್ಲೋರೈಡ್ ನೀರು ಕುಡಿದು ಮೂಳೆ ಸೊಟ್ಟಗಾದ ಊರುಗಳಿಗೆ ಅದರ ಬೆಲೆ ಗೊತ್ತು. ಒಬ್ಬ ರೈತ ಹೋದರೆ ಆ ಓಟ ಇರುವುದಿಲ್ಲ. ಅರ್ಜಿ, ನಕ್ಷೆ, ರಸ್ತೆ ಮತ್ತೆ ಸರಿ ಮಾಡೋ ಖರ್ಚು, ಡಿಪಾಸಿಟ್ಟು, ಒಪ್ಪಂದದ ಕಾಗದ. ಟಾರು ಕೆತ್ತೋ ಹಾಗಿಲ್ಲ ಅಂದರೆ ಅಡಿಯಲ್ಲಿ ತೂತು ಕೊರೆದು ದೊಡ್ಡ ಪೈಪಿನೊಳಗೆ ನಮ್ಮ ಪೈಪು ತೂರಿಸಬೇಕು. ರಾಷ್ಟ್ರೀಯ ಹೆದ್ದಾರಿಯಾದರೆ ಅದು ರಸ್ತೆ ಮಟ್ಟದಿಂದ 1.2 ಮೀಟರಾದರೂ ಕೆಳಗಿರಬೇಕು. ನಾಳೆ ರಸ್ತೆ ಅಗಲ ಆದರೆ ಸ್ವಂತ ಖರ್ಚಲ್ಲಿ ಕಿತ್ತುಕೊಳ್ಳುತ್ತೇನೆ ಅಂತಲೂ ಬರೆದುಕೊಡಬೇಕು.

ಇದಕ್ಕೆಲ್ಲ ಹೆದರಿ ನಮ್ಮವರು ಮೋರಿ ಹುಡುಕುತ್ತಾರೆ. ಮಳೆ ನೀರಿನ ಮೋರಿಯೊಳಗೆ ಪೈಪು ತೂರಿಸಿದರೆ ಕೆಲಸ ಆಯಿತು, ಕಾಗದ ಇಲ್ಲ. ನಮ್ಮ ಪಕ್ಕದ ಹೊಲದ ಅಣ್ಣ ಹಾಗೇ ಮಾಡಿದ್ದ. ರಸ್ತೆ ಅಗಲ ಮಾಡುವಾಗ ಜೆಸಿಬಿ ಬಂದು ಮೋರಿ ಸಮೇತ ಪೈಪು ಕಿತ್ತಿತು. ಟಮಾಟ ಹೂ ಬಿಟ್ಟಿತ್ತು. ಅವನು ಒಂದು ಆಫೀಸಿಗೆ ಹೋದ. ಈ ರಸ್ತೆ ನಮ್ಮದಲ್ಲ, ಈಗ ರಾಷ್ಟ್ರೀಯ ಹೆದ್ದಾರಿ, ಬೇರೆ ಕಡೆ ಹೋಗು ಅಂದರು. ಅದು ಸುಳ್ಳಲ್ಲ. ಕೋಡಿಕೊಂಡದಿಂದ ಲೇಪಾಕ್ಷಿ, ಹಿಂದೂಪುರ, ಮಡಕಶಿರಾ ಮೇಲೆ ಶಿರಾಕ್ಕೆ ಹೋಗೋದು 544ಇ ಆಗಿದೆ, ಅನಂತಪುರದಿಂದ ಕಲ್ಯಾಣದುರ್ಗಕ್ಕೆ ಹೋಗೋದು 544ಡಿಡಿ. ನಂಬರು ಬದಲಾದರೆ ಕಾಯಿದೆಯೂ ಬದಲು, 2002ರದ್ದು, ಅಪ್ಪಣೆ ಕೊಡೋ ಆಫೀಸೂ ಬದಲು. ಬೇರೆ ಕಡೆ ಹೋದಾಗ ಕೇಳಿದ ಮಾತು ಒಂದೇ: ನಿನ್ನ ಹತ್ರ ಕಾಗದ ಐತಾ?

ಅವನ ಹೊಲದಲ್ಲೇ ಎರಡು ಕರಂಟ್ ಕಂಬ ಇವೆ. ಅವನ್ನ ನೆಟ್ಟವರನ್ನ ಅವನಪ್ಪ ಯಾವ ಕಾಗದವನ್ನೂ ಕೇಳಿರಲಿಲ್ಲ. ಈಗ ಹೊಸ ಮೋರಿ ಕಟ್ಟಿದ್ದಾರೆ. ಈ ಸಲ ಅಣ್ಣ ಅರ್ಜಿ ಹಾಕಿದ್ದಾನೆ. ತೆಲುಗಲ್ಲಿ ಬರೆದುಕೊಟ್ಟಿದ್ದು ಅವನ ಮೊಮ್ಮಗಳು, ರಸ್ತೆ ನಕ್ಷೆ ಗೀಚಿದ್ದೂ ಅವಳೇ. ಅರ್ಜಿ ತಗೊಂಡವರ ಕೈಲಿ ತಾರೀಕು ಹಾಕಿಸಿ, ಸೀಲು ಒತ್ತಿಸಿಕೊಂಡು, ಪಾಸ್ ಬುಕ್ಕಿನ ಜೊತೆ ಟ್ರಂಕಿನಲ್ಲಿ ಇಟ್ಟಿದ್ದಾನೆ.