ದತ್ತಿ ಕೊಟ್ಟವರು, ದತ್ತಿ ಕಾದವರು

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ ಕಳಚುರಿ ಬಿಜ್ಜಳನ ಕಾಲದ 1162ರ ಶಾಸನವೊಂದಿದೆ. ಕೇದಾರೇಶ್ವರ ದೇಗುಲದ ಕೋಡಿಯ ಮಠದಲ್ಲಿ ಯಾರಿಗೆಲ್ಲ ಅನ್ನ ಸಲ್ಲುತ್ತಿತ್ತೆಂದು ಅದು ಒಬ್ಬೊಬ್ಬರನ್ನಾಗಿ ಹೆಸರಿಸುತ್ತದೆ: ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ಕಥೆ ಹೇಳುವವರು, ಹಾಡುವವರು, ಕುಣಿಯುವವರು. ಮಠ ಕಾಳಾಮುಖ ಶೈವರದು. ಆದರೂ ಬೇರೆ ಪಂಥಗಳ ಸಂನ್ಯಾಸಿಗಳಾದ ಕ್ಷಪಣಕರು, ಏಕದಂಡಿ, ತ್ರಿದಂಡಿಗಳು ಆ ಸಾಲಿನಲ್ಲಿದ್ದಾರೆ. ದಿಕ್ಕಿಲ್ಲದ ರೋಗಿಗಳಿಗೆ ಅಲ್ಲಿ ಔಷಧೋಪಚಾರವೂ ಇತ್ತು. ಇಷ್ಟು ಜನ ಅಪರಿಚಿತರಿಗೆ ಅನ್ನವಿಕ್ಕಲು ಪುಣ್ಯದ ಆಸೆ ಪ್ರೇರಣೆಯಾಗಿತ್ತು ಎನ್ನುವುದು ಸುಲಭ. ಆದರೆ ನಂಬಿಕೆಯ ದೊಡ್ಡ ಕೆಲಸ ಕೊಡಿಸುವುದರಲ್ಲಿರಲಿಲ್ಲ, ಕೊಟ್ಟದ್ದನ್ನು ಉಳಿಸುವುದರಲ್ಲಿತ್ತು.

ಅನ್ನದಾನ ನಡೆಯುತ್ತಿದ್ದುದು ದತ್ತಿ ಭೂಮಿಯ ಹುಟ್ಟುವಳಿಯಿಂದ. ದಾನಿ ಸತ್ತ ಮೇಲೆ ಆ ಭೂಮಿಯನ್ನು ಮುಂದಿನ ಅರಸನೋ ಅಧಿಕಾರಿಯೋ ನುಂಗದಂತೆ ತಡೆಯುವವರಾರು? ಅದಕ್ಕೇ ದಾನಶಾಸನಗಳ ನೆತ್ತಿಯಲ್ಲಿ ಸೂರ್ಯಚಂದ್ರರು, ಹಸು ಕರು; ಸೂರ್ಯಚಂದ್ರರಿರುವವರೆಗೂ ದತ್ತಿ ನಡೆಯಲಿ ಎಂಬ ಅದರ ಅರ್ಥ ಓದು ಬಾರದವನಿಗೂ ತಿಳಿಯುತ್ತಿತ್ತು. ಕೊನೆಯಲ್ಲಿ ಶಾಪಾಶಯ: ದತ್ತಿ ಕಾದವನಿಗೆ ವಾರಣಾಸಿಯಲ್ಲಿ ಗೋದಾನ ಮಾಡಿದ ಫಲ, ಕೆಡಿಸಿದವನಿಗೆ ಅಲ್ಲೇ ಗೋವುಗಳನ್ನು ಕೊಂದ ಪಾಪ, 60,000 ವರ್ಷ ಹೇಲಿನ ಹುಳುವಾಗಿ ಹುಟ್ಟು. ಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಇನ್ನೊಂದು ಶ್ಲೋಕ, ದಾನಕ್ಕಿಂತ ಪಾಲನೆಯೇ ಮೇಲು ಎನ್ನುತ್ತದೆ. ಇನ್ನೂ ಹುಟ್ಟದ, ಮುಖ ಕಾಣದ ಜನರ ಸಹಕಾರವನ್ನು ಹೀಗೆ ಮುಂಗಡವಾಗಿ ಕೇಳಿಕೊಳ್ಳಲಾಗುತ್ತಿತ್ತು.

ನರಕದ ಭಯದಿಂದ ನಡೆದದ್ದು ಔದಾರ್ಯವೇ ಎಂದು ಕೇಳಬಹುದು. ಹಸಿದು ಬಂದವನಿಗೆ ದಾನಿಯ ಒಳಮನಸ್ಸು ಮುಖ್ಯವಲ್ಲ, ನಾಳೆಯೂ ಒಲೆ ಉರಿಯುವುದು ಮುಖ್ಯ. ಶಾಪವನ್ನು ಇಷ್ಟು ಸಲ ಕೆತ್ತಿಸಬೇಕಾಯಿತೆಂದರೆ ದತ್ತಿ ನುಂಗುವವರೂ ಇದ್ದರೆಂದೇ ಅರ್ಥ ಎಂಬ ಮಾತೂ ಸರಿ. ಅದಕ್ಕೇ ಶಾಸನಗಳು ಶಾಪವನ್ನಷ್ಟೇ ನೆಚ್ಚದೆ ಭೂಮಿಯ ಎಲ್ಲೆಯನ್ನೂ ಊರ ಸಾಕ್ಷಿಗಳನ್ನೂ ಬರೆಸಿದವು. ಬಳ್ಳಿಗಾವಿ ವ್ಯಾಪಾರದ ಪಟ್ಟಣ, ಪರದೇಶಿಗಳು ಅಲ್ಲಿಗೆ ಬೇಕಾಗಿದ್ದರು ಎಂಬುದೂ ನಿಜ. ಆದರೆ ಕುರುಡನಿಂದ, ಅನಾಥನಿಂದ ಯಾವ ಸಂತೆಗೂ ಲಾಭವಿರಲಿಲ್ಲ. ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಪಂಕ್ತಿಯದು. ಯಾರಿಗೆ ಊಟ ಎಂದು ಹೇಳುವ ಶಾಸನ, ಯಾರ ಪಕ್ಕದಲ್ಲಿ ಎಂದು ಹೇಳುವುದಿಲ್ಲ. ಅದೇ ಬಿಜ್ಜಳನ ಕಾಲದ ಶರಣರು ದಾಸೋಹದ ಮೂಲಕ ಎತ್ತಿದ್ದು ಈ ಪ್ರಶ್ನೆಯನ್ನೇ. ನಂಬಿಕೆ ಅಪರಿಚಿತನ ಪಾಲಿನ ಅನ್ನವನ್ನು ತಲೆಮಾರುಗಳ ಕಾಲ ಕಾಯಬಲ್ಲದಾಗಿತ್ತು. ಅವನನ್ನು ಸರೀಕನಾಗಿ ಕೂರಿಸಲು ಆ ನಂಬಿಕೆಯೊಡನೆಯೇ ಜಗಳಕ್ಕೆ ನಿಲ್ಲಬೇಕಾಯಿತು.